ಚರಂಡಿಯ ಚಪ್ಪಡಿಗೆ ಸರಳು ಬೇಕೆ?

ಕಳೆದ ಮಳೆಗಾಲದ ಒಂದು ಬೆಳಗ್ಗೆ ನನ್ನ ತರಗತಿಯ ವಿದ್ಯಾರ್ಥಿಯೊಬ್ಬನು ಕೊಡೆ ಹಿಡಿದುಕೊಂಡು ಕಾಲೇಜಿಗೆ ಬರುತ್ತಿದ್ದಾಗ, ರಸ್ತೆಯಂಚಿನ ಚರಂಡಿಯ ಮೇಲೆ ಹಾಸಿದ್ದ ಕಾಂಕ್ರೀಟು ಚಪ್ಪಡಿಯೊಂದು ಅವನ ಕಾಲ ಕೆಳಗೆ ಎರಡಾಗಿ ಒಡೆದು, ಬಲಗಾಲು ತೊಡೆಯವರೆಗೆ ಒಳಕ್ಕೆ ಹೋಯಿತು. ಹಿಂದಿನಿಂದ ಬರುತ್ತಿದ್ದವರು ಕೂಡಲೆ ಹಿಡಿದೆತ್ತಿದ್ದರಿಂದ ದೊಡ್ಡ ಅನಾಹುತವಾಗಲಿಲ್ಲ. ಮೊಣಕಾಲಿನ ಕೆಳಗೆ ಎಂಟು ಹೊಲಿಗೆ ಬಿದ್ದವು. ಹದಿನೈದು ದಿನ ತರಗತಿ ತಪ್ಪಿತು. ಅದೇ ಚಪ್ಪಡಿಯ ಮೇಲೆ ದಿನವೂ ಪ್ರಾಥಮಿಕ ಶಾಲೆಯ ಮಕ್ಕಳೂ ನಡೆದು ಹೋಗುತ್ತಾರೆ. ಆ ದಿನ ಚರಂಡಿಯಲ್ಲಿ ನೀರು ಹರಿಯುತ್ತಿದ್ದ ರಭಸವನ್ನು ಕಂಡವರಿಗೆ, ಏಳು ವರ್ಷದ ಮಗುವೊಂದು ಅಲ್ಲಿ ಬಿದ್ದಿದ್ದರೆ ಏನಾಗುತ್ತಿತ್ತೆಂದು ಹೇಳಬೇಕಾಗಿಲ್ಲ.

ಮಳೆ ನಿಂತ ಮೇಲೆ ನಾನು ಹೋಗಿ ಒಡೆದ ತುಂಡುಗಳನ್ನು ನೋಡಿದೆನು. ಒಳಗಿದ್ದ ಆರು ಮಿಲಿಮೀಟರಿನ ಸರಳು ಕೆಲವೆಡೆ ಪೆನ್ಸಿಲಿನ ಕಡ್ಡಿಯಷ್ಟು ಸಣ್ಣದಾಗಿತ್ತು. ಅದರ ಸುತ್ತಲೂ ತುಕ್ಕು ಪದರ ಪದರವಾಗಿ ಏಳುತ್ತಿತ್ತು. ಬೆರಳಿಂದ ತಿಕ್ಕಿದರೆ ಕಾವಿಯಂತೆ ಕೈಗೆ ಹತ್ತುತ್ತಿತ್ತು. ಸರಳಿಗೂ ಚಪ್ಪಡಿಯ ತಳಕ್ಕೂ ನಡುವೆ ಇದ್ದ ಕಾಂಕ್ರೀಟಿನ ದಪ್ಪ ಒಂದು ಸೆಂಟಿಮೀಟರೂ ಇರಲಿಲ್ಲ. ಅಲ್ಲಿ ಸೇರಿದ್ದ ಹಿರಿಯರೊಬ್ಬರು, “ಸರಳು ಸಪೂರವಾಯಿತು, ಇನ್ನೂ ದಪ್ಪದ್ದನ್ನು ಹಾಕಬೇಕಿತ್ತು” ಎಂದರು. ಎಲ್ಲರೂ ಒಪ್ಪಿದರು. ನನಗೆ ಮಾತ್ರ ಒಪ್ಪಿಗೆಯಾಗಲಿಲ್ಲ. ಆ ಚಪ್ಪಡಿಯಲ್ಲಿ ಸರಳೇ ಇರಬಾರದಾಗಿತ್ತು ಎಂಬುದು ನನ್ನ ಅಭಿಪ್ರಾಯ. ಅದಕ್ಕೆ ಬದಲಾಗಿ, ಮೀನಿನ ಬಲೆಯ ನೂಲಿನ ಜಾತಿಗೆ ಸೇರಿದ ಕೃತಕ ಎಳೆಗಳನ್ನು ಕಾಂಕ್ರೀಟಿನಲ್ಲಿಯೇ ಕಲಸಿ ಎರೆಯಬೇಕಾಗಿತ್ತು. ಈ ಮಾತು ಕೇಳುವುದಕ್ಕೆ ವಿಪರೀತವಾಗಿ ತೋರಬಹುದಾದುದರಿಂದ ಅದರ ಕಾರಣಗಳನ್ನು ವಾಚಕರ ಮುಂದಿಡುತ್ತೇನೆ.

ಬ್ರಹ್ಮಾವರದಿಂದ ಕುಂದಾಪುರವನ್ನು ಹಾದು ಬೈಂದೂರಿನವರೆಗೆ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಪ್ರಯಾಣ ಮಾಡಿದವರು, ದಾರಿಯ ಬದಿಗಳಲ್ಲಿ ಸಿಮೆಂಟು ವಸ್ತುಗಳನ್ನು ಎರೆಯುವ ಅಂಗಳಗಳನ್ನು ನೋಡಿರುತ್ತಾರೆ. ಬಾವಿಯ ರಿಂಗುಗಳು, ಚರಂಡಿಯ ಚಪ್ಪಡಿಗಳು, ಬೇಲಿಯ ಕಂಬಗಳು, ದಾರಂದಗಳು, ಅಂಗಳಕ್ಕೆ ಹಾಸುವ ಇಂಟರ್‌ಲಾಕ್ ಇಟ್ಟಿಗೆಗಳು, ಕಾಂಪೌಂಡಿನ ಹಲಗೆಗಳು, ಇವೆಲ್ಲವೂ ಅಚ್ಚಿನಲ್ಲಿ ಎರೆದು, ನೀರುಣಿಸಿ, ಗಟ್ಟಿಯಾದ ಮೇಲೆ ಲಾರಿಯಲ್ಲಿ ಮನೆಬಾಗಿಲಿಗೆ ಬರುವ ವಸ್ತುಗಳು. ಎಂಜಿನಿಯರರು ಇವನ್ನು ಪ್ರೀಕಾಸ್ಟ್ ಎನ್ನುತ್ತಾರೆ. ನಾವು ಅಚ್ಚಿನ ಕಾಂಕ್ರೀಟು ಎನ್ನೋಣ. ಹಿಂದೆ ಮುರಕಲ್ಲು, ಶಿಲೆಕಲ್ಲು, ಮರ, ಅಡಕೆಯ ದಬ್ಬೆಗಳು ಮಾಡುತ್ತಿದ್ದ ಕೆಲಸವನ್ನು ಇಂದು ಇವು ಮಾಡುತ್ತಿವೆ. ಬೃಹತ್ ಸೇತುವೆಗಳ ವಿಷಯದಲ್ಲಿ ನಾಡು ತೋರಿಸುವ ಎಚ್ಚರಿಕೆಯ ನೂರರಲ್ಲೊಂದು ಪಾಲೂ ಈ ಸಣ್ಣ ವಸ್ತುಗಳಿಗೆ ದೊರೆಯುವುದಿಲ್ಲ. ಆದರೆ ನಮ್ಮ ಕಾಲು ದಿನವೂ ಬೀಳುವುದು ಇವುಗಳ ಮೇಲೆಯೇ.

ಕಾಂಕ್ರೀಟಿನಲ್ಲಿ ಉಕ್ಕನ್ನು ಏಕೆ ಇಡುತ್ತಾರೆ? ಕಾಂಕ್ರೀಟು ಅದುಮಿದರೆ ತಡೆಯುತ್ತದೆ, ಎಳೆದರೆ ತಡೆಯುವುದಿಲ್ಲ. ಅದರ ಕರ್ಷಣ ಬಲವು ಅದುಮುವಿಕೆಯನ್ನು ತಾಳುವ ಬಲದ ಸುಮಾರು ಹತ್ತನೆಯ ಒಂದು ಪಾಲು ಮಾತ್ರ. ಚಪ್ಪಡಿಯ ನಡುವೆ ನಿಂತಾಗ ಅದು ಕಣ್ಣಿಗೆ ಕಾಣದಷ್ಟು ಬಾಗುತ್ತದೆ. ಮೇಲ್ಮೈ ಅದುಮಲ್ಪಡುತ್ತದೆ, ತಳವು ಹಿಗ್ಗುತ್ತದೆ. ಹಿಗ್ಗುವ ಆ ತಳದಲ್ಲಿ ಉಕ್ಕಿನ ಸರಳಿಟ್ಟರೆ ಎಳೆತವನ್ನು ಅದು ಹೊರುತ್ತದೆ. 1867ರಲ್ಲಿ ಜೋಸೆಫ್ ಮೋನಿಯೆ ಎಂಬ ಫ್ರಾನ್ಸಿನ ತೋಟಗಾರನು ಕಬ್ಬಿಣದ ತಂತಿಯ ಬಲೆಯನ್ನಿಟ್ಟು ಮಾಡಿದ ಸಿಮೆಂಟಿನ ಗಿಡದ ತೊಟ್ಟಿಗಳಿಗೆ ಪೇಟೆಂಟು ಪಡೆದನು. ಉಕ್ಕು-ಕಾಂಕ್ರೀಟಿನ ಇತಿಹಾಸದ ಮೊದಲ ಅಧ್ಯಾಯಗಳಲ್ಲಿ ಅಣೆಕಟ್ಟಾಗಲಿ ಅರಮನೆಯಾಗಲಿ ಇಲ್ಲ, ಹೂವಿನ ಕುಂಡವಿದೆ ಎಂಬುದು ನಮ್ಮ ಅಂಗಳಗಳ ಕೆಲಸಗಾರರಿಗೆ ಹೆಮ್ಮೆಯ ವಿಷಯವೇ ಸರಿ.

ಆದರೆ ಮೋನಿಯೆಯ ತೋಟ ಕಡಲ ಬದಿಯಲ್ಲಿರಲಿಲ್ಲ.

ಒಳ್ಳೆಯ ಕಾಂಕ್ರೀಟಿನೊಳಗೆ ಉಕ್ಕು ತುಕ್ಕು ಹಿಡಿಯದಿರುವುದಕ್ಕೆ ರಸಾಯನಶಾಸ್ತ್ರದ ಕಾರಣವೊಂದಿದೆ. ಸಿಮೆಂಟು ನೀರಿನೊಡನೆ ಕೂಡಿದಾಗ ಸುಣ್ಣದಂಥ ತೀವ್ರ ಕ್ಷಾರಗಳು ಉಂಟಾಗುತ್ತವೆ. ಒಳಗಿನ ತೇವದ ಪಿಎಚ್ ಮೌಲ್ಯ 12.5ಕ್ಕಿಂತ ಮೇಲಿರುತ್ತದೆ. ಈ ಕ್ಷಾರದಲ್ಲಿ ಉಕ್ಕಿನ ಮೈಮೇಲೆ ಅತಿ ತೆಳುವಾದ ಆಕ್ಸೈಡಿನ ಪೊರೆಯೊಂದು ಕಟ್ಟಿಕೊಂಡು ಅದನ್ನು ಕಾಪಾಡುತ್ತದೆ. ಈ ಪೊರೆಗೆ ಇಬ್ಬರು ಶತ್ರುಗಳು. ಗಾಳಿಯ ಇಂಗಾಲದ ಡೈಆಕ್ಸೈಡು ನಿಧಾನವಾಗಿ ಒಳಸೇರಿ ಕ್ಷಾರವನ್ನು ಕುಂದಿಸುತ್ತದೆ. ಉಪ್ಪಿನ ಕ್ಲೋರೈಡು ಅಯಾನುಗಳು ಹಾಗೆ ಕಾಯುವುದಿಲ್ಲ; ಕ್ಷಾರವಿದ್ದರೂ ಲೆಕ್ಕಿಸದೆ ಪೊರೆಯನ್ನು ಅಲ್ಲಲ್ಲಿ ತೂತು ಮಾಡುತ್ತವೆ. ಸಮುದ್ರದ ನೀರಿನ ಒಂದು ಲೀಟರಿನಲ್ಲಿ ಸುಮಾರು 35 ಗ್ರಾಂ ಲವಣಗಳಿವೆ. ಮಳೆಗಾಲದ ಪಡುಗಾಳಿಗೆ ತೆರೆ ಒಡೆದಾಗ ಏಳುವ ತುಂತುರು ಈ ಉಪ್ಪನ್ನು ಊರೊಳಕ್ಕೆ ಹೊತ್ತು ತರುತ್ತದೆ. ಮರವಂತೆಯಲ್ಲಿ ಒಂದು ಕಡೆ ಕಡಲು, ಇನ್ನೊಂದು ಕಡೆ ಸೌಪರ್ಣಿಕೆ, ನಡುವೆ ಹೆದ್ದಾರಿ; ಅಲ್ಲಿ ನಿಂತು ತುಟಿಯನ್ನು ನಾಲಗೆಯಿಂದ ಸವರಿದರೆ ಪ್ರಯೋಗಶಾಲೆಯ ಅಗತ್ಯವಿಲ್ಲ. ಸಾಲದುದಕ್ಕೆ ಬೇಸಗೆಯಲ್ಲಿ ಅಳಿವೆಗಳಿಂದ ಉಪ್ಪುನೀರು ಹೊಳೆಗಳಲ್ಲಿ ಮೇಲೇರುತ್ತದೆ. ಅಂಥ ಕಡೆಯ ಹೊಯಿಗೆಯನ್ನು ಸಿಹಿನೀರಿನಲ್ಲಿ ತೊಳೆಯದೆ ಬಳಸಿದರೆ ಶತ್ರುವನ್ನು ನಾವೇ ಒಳಗೆ ಕೂರಿಸಿದಂತೆ.

ತುಕ್ಕು ಹಿಡಿದ ಉಕ್ಕು ತೆಳುವಾಗುವುದಷ್ಟೇ ಆಗಿದ್ದರೆ ಕೇಡು ಸಣ್ಣದಾಗಿರುತ್ತಿತ್ತು. ತುಕ್ಕಿಗೆ ಅದು ಹುಟ್ಟಿದ ಕಬ್ಬಿಣಕ್ಕಿಂತ ಎರಡರಿಂದ ಆರು ಪಟ್ಟು ಜಾಗ ಬೇಕು. ಗೋಡೆಯ ಸಂದಿಯಲ್ಲಿ ಹುಟ್ಟಿದ ಆಲದ ಬೇರು ದಪ್ಪವಾಗುತ್ತ ಗೋಡೆಯನ್ನು ಸೀಳುವಂತೆ, ತುಕ್ಕು ಕಾಂಕ್ರೀಟನ್ನು ಒಳಗಿನಿಂದ ಸೀಳುತ್ತದೆ. ಸರಳಿನ ಮೈ ಒಂದು ಮಿಲಿಮೀಟರಿನ ಹತ್ತನೆಯ ಒಂದು ಭಾಗಕ್ಕಿಂತ ಕಡಿಮೆ ತಿಂದುಹೋದರೂ ಹೊದಿಕೆಯ ಕಾಂಕ್ರೀಟು ಬಿರಿಯಬಲ್ಲುದು. ಬಿರಿದೆಡೆಯಲ್ಲಿ ಇನ್ನಷ್ಟು ಉಪ್ಪು, ಇನ್ನಷ್ಟು ನೀರು. ನಮ್ಮ ಚಪ್ಪಡಿಯ ಕಥೆ ಇದೇ.

ಹಾಗಾದರೆ ಸರಳಿಗೆ ದಪ್ಪನೆಯ ಹೊದಿಕೆ ಕೊಟ್ಟರಾಯಿತಲ್ಲ ಎಂದು ಜಾಣ ವಿದ್ಯಾರ್ಥಿ ಕೇಳುತ್ತಾನೆ. ಭಾರತೀಯ ಮಾನಕ 456, ಅದರ 2000ದ ಆವೃತ್ತಿಯಲ್ಲಿ, ಕರಾವಳಿಯ ಹವೆಗೆ ತೆರೆದಿರುವ ಕಾಂಕ್ರೀಟನ್ನು ‘ತೀವ್ರ’ ಪರಿಸರದ್ದೆಂದು ಗಣಿಸಿ, ಉಕ್ಕಿನ ಮೇಲೆ 45 ಮಿಲಿಮೀಟರು ಹೊದಿಕೆ ಇರತಕ್ಕದ್ದೆಂದು ವಿಧಿಸುತ್ತದೆ. ಸಮುದ್ರದ ತುಂತುರು ನೇರವಾಗಿ ಬಡಿಯುವೆಡೆ 50. ಈಗ ನಮ್ಮ ಚಪ್ಪಡಿಯ ದಪ್ಪ ನೋಡಿರಿ: 75 ಮಿಲಿಮೀಟರು. ತಳದಿಂದ 45 ಮಿಲಿಮೀಟರು ಬಿಟ್ಟು ಸರಳಿಟ್ಟರೆ ಅದು ದಪ್ಪದ ನಡುಗೆರೆಯನ್ನೂ ದಾಟಿ ಮೇಲೆ, ಅದುಮಲ್ಪಡುವ ಭಾಗದಲ್ಲಿ ಹೋಗಿ ಕೂರುತ್ತದೆ. ಎಳೆತವಿರುವುದು ಕೆಳಗೆ. ಅಂದರೆ ನಿಯಮದಂತೆ ಇಟ್ಟರೆ ಸರಳು ನಿರುಪಯೋಗಿ. ಉಪಯೋಗವಾಗುವಂತೆ ಇಟ್ಟರೆ ನಿಯಮಕ್ಕೆ ವಿರುದ್ಧ. ಇಂಥ ಸಣ್ಣ ವಸ್ತುಗಳ ಪ್ರತ್ಯೇಕ ಮಾನಕಗಳಲ್ಲಿ ಹೊದಿಕೆಗೆ ರಿಯಾಯಿತಿ ಇರಬಹುದು. ಆದರೆ ಆ ರಿಯಾಯಿತಿಯ ಸಂಗತಿ ಉಪ್ಪಿಗೆ ತಿಳಿದಿರುವುದಿಲ್ಲ.

ಇನ್ನು ಎರಡನೆಯ ಪ್ರಶ್ನೆ. ಈ ಚಪ್ಪಡಿಗೆ ಸರಳಿನ ಅವಶ್ಯಕತೆಯಾದರೂ ಇತ್ತೆ? ಇದು ಪಿಯುಸಿ ವಿದ್ಯಾರ್ಥಿಯೂ ಮಾಡಬಲ್ಲ ಲೆಕ್ಕ. ಚಪ್ಪಡಿಯ ಅಗಲ 45 ಸೆಂಟಿಮೀಟರು, ದಪ್ಪ 7.5 ಸೆಂಟಿಮೀಟರು, ಎರಡು ಆಧಾರಗಳ ನಡುವಣ ಅಂತರ 50 ಸೆಂಟಿಮೀಟರು. ಸರಿಯಾಗಿ ನಡುವೆ 80 ಕಿಲೋಗ್ರಾಂ ತೂಕದ ಮನುಷ್ಯನು ನಿಂತನೆನ್ನಿ. ಬಾಗಿಸುವ ಭ್ರಾಮಕವು 100 ನ್ಯೂಟನ್-ಮೀಟರು. ಚಪ್ಪಡಿಯ ಸ್ವಂತ ತೂಕದಿಂದ ಇನ್ನೊಂದು 25. ಇದನ್ನು ಅಗಲ, ದಪ್ಪದ ವರ್ಗ ಇವುಗಳ ಗುಣಲಬ್ಧದ ಆರನೆಯ ಒಂದಂಶದಿಂದ ಭಾಗಿಸಿದರೆ ತಳದ ಎಳೆತವು ಪ್ರತಿ ಚದರ ಮಿಲಿಮೀಟರಿಗೆ ಸುಮಾರು 0.3 ನ್ಯೂಟನ್ ಎಂದು ಬರುತ್ತದೆ. ಸರಿಯಾಗಿ ಮಾಡಿದ ಎಂ-25 ದರ್ಜೆಯ ಕಾಂಕ್ರೀಟು ಬಾಗುವಾಗ ಬಿರಿಯುವುದು, ಅದೇ ಮಾನಕದ ಸೂತ್ರದ ಪ್ರಕಾರ, ಸುಮಾರು 3.5ರಲ್ಲಿ. ಹನ್ನೊಂದು ಪಟ್ಟು ಅಂತರ! ಮನುಷ್ಯನು ಹಾರಿ ಬಿದ್ದರೂ, ಮೋಟಾರು ಕಾರಿನ ಚಕ್ರವೊಂದು 400 ಕಿಲೋಗ್ರಾಂ ಭಾರದೊಡನೆ ಏರಿದರೂ, ಬರಿಯ ಕಾಂಕ್ರೀಟೇ ತಡೆಯುತ್ತದೆ. ತುಂಬಿದ ಲಾರಿಯ ಚಕ್ರ ಏರಿದರೆ ಮಾತ್ರ, 5 ಟನ್ ಎಂದು ಹಿಡಿದರೆ, ಎಳೆತ 15ರ ಹತ್ತಿರ ಹೋಗಿ ಚಪ್ಪಡಿ ಮುರಿಯುತ್ತದೆ. ಆಗ ಆ ಸಪೂರ ಸರಳೂ ಅದನ್ನು ಉಳಿಸಲಾರದು. ನನ್ನ ವಿದ್ಯಾರ್ಥಿಯ ತೂಕ 52 ಕಿಲೋಗ್ರಾಂ. ಅವನ ಭಾರಕ್ಕೆ ಆ ಚಪ್ಪಡಿ ಮುರಿಯಲಿಲ್ಲ; ಅದನ್ನು ಬಲಪಡಿಸಲೆಂದು ಇಟ್ಟ ಉಕ್ಕು ಮೊದಲೇ ಅದನ್ನು ಒಳಗೊಳಗೆ ಸೀಳಿಟ್ಟಿತ್ತು.

ನಮ್ಮ ಕಡಲ ತೀರದ ಅತ್ಯಂತ ದೊಡ್ಡ ಅಚ್ಚಿನ ಕಾಂಕ್ರೀಟು ವಸ್ತುವನ್ನು ವಾಚಕರು ನೆನಪಿಗೆ ತಂದುಕೊಳ್ಳಬೇಕು. ಮರವಂತೆಯ ಕಡೆ ತೆರೆಗಳಿಗೆ ಎದುರಾಗಿ ಒಟ್ಟಿರುವ ನಾಲ್ಕು ಕಾಲಿನ ಟೆಟ್ರಾಪಾಡುಗಳು ಅವು. 1950ರಲ್ಲಿ ಫ್ರಾನ್ಸಿನ ಗ್ರೆನೋಬಲ್‌ನ ಜಲಪ್ರಯೋಗಾಲಯದಲ್ಲಿ ರೂಪುಗೊಂಡ ಈ ಆಕೃತಿಯಲ್ಲಿ ಸಾಮಾನ್ಯವಾಗಿ ಒಂದೇ ಒಂದು ಸರಳೂ ಇರುವುದಿಲ್ಲ. ಕಡಲಿನ ಜೊತೆ ನೇರವಾಗಿ ಹೋರಾಡಬೇಕಾದ ವಸ್ತುವಿನಿಂದ ಉಕ್ಕನ್ನು ಹೊರಗಿಟ್ಟಿರುವುದು ಜಿಪುಣತನದಿಂದಲ್ಲ.

ಬರಿಯ ಕಾಂಕ್ರೀಟೇ ಸಾಕೆಂದರೆ ನೂಲಿನ ಮಾತೇಕೆ? ಇದಕ್ಕೆ ಉತ್ತರ ‘ಭಂಗುರತೆ’. ಬರಿಯ ಕಾಂಕ್ರೀಟು ಗಾಜಿನ ಸಂಬಂಧಿ. 1920ರ ಸುಮಾರಿಗೆ ಇಂಗ್ಲೆಂಡಿನ ಎ. ಎ. ಗ್ರಿಫಿತ್ ಎಂಬ ವಿಜ್ಞಾನಿ ಗಾಜಿನ ಮೇಲೆ ಪ್ರಯೋಗ ನಡೆಸಿ, ಭಂಗುರ ವಸ್ತುಗಳು ಮುರಿಯುವುದು ಅವುಗಳಲ್ಲಿ ಮೊದಲೇ ಇರುವ ಸೂಕ್ಷ್ಮ ಬಿರುಕುಗಳಿಂದ ಎಂದು ತೋರಿಸಿದನು. ಬಿರುಕಿನ ತುದಿಯಲ್ಲಿ ಎಳೆತವು ಒಟ್ಟುಗೂಡುತ್ತದೆ. ಒಂದು ಮಿತಿ ದಾಟಿದರೆ ಬಿರುಕು ತಾನಾಗಿಯೇ ಓಡುತ್ತದೆ. ಅಂಗಳದಲ್ಲಿ ಎರೆದ ಮೊದಲ ಕೆಲವು ಗಂಟೆಗಳಲ್ಲಿ, ಏಪ್ರಿಲ್ ಬಿಸಿಲಿಗೂ ಗಾಳಿಗೂ ನೀರು ಬೇಗ ಆರಿದರೆ, ಹಸಿ ಕಾಂಕ್ರೀಟು ಕುಗ್ಗಿ ಇಂಥ ಬಿರುಕುಗಳು ನೂರಾರು ಹುಟ್ಟುತ್ತವೆ. ಲಾರಿಯಿಂದ ಇಳಿಸುವಾಗ ಕೈತಪ್ಪಿ ಬಿದ್ದರೆ ಇನ್ನಷ್ಟು. ಅಂಥ ಚಪ್ಪಡಿ ಮುರಿಯುವಾಗ ಎಚ್ಚರಿಕೆ ಕೊಡುವುದಿಲ್ಲ. ಮುರಿದಾಗ ಎರಡು ತುಂಡೂ ಮನುಷ್ಯನೂ ಒಟ್ಟಿಗೆ ಕೆಳಗೆ.

ಭಂಗುರವಾದುದಕ್ಕೆ ಎಳೆಯನ್ನು ಬೆರೆಸುವ ಉಪಾಯ ನಮ್ಮ ಅಜ್ಜಂದಿರಿಗೆ ತಿಳಿದಿತ್ತು. ಮಣ್ಣಿನ ಗೋಡೆಗೆ ಮಣ್ಣು ಮೆಟ್ಟುವಾಗ ಭತ್ತದ ಹುಲ್ಲನ್ನು ಕತ್ತರಿಸಿ ಸೇರಿಸುತ್ತಿದ್ದುದನ್ನು ಕಂಡವರು ಇನ್ನೂ ನಮ್ಮ ಹಳ್ಳಿಗಳಲ್ಲಿದ್ದಾರೆ. ಹುಲ್ಲು ಗೋಡೆಯ ಭಾರ ಹೊರುವುದಿಲ್ಲ. ಮಣ್ಣು ಆರುವಾಗ ಬಿರಿಯದಂತೆ ಹಿಡಿಯುತ್ತದೆ. ಅದೇ ತತ್ತ್ವವನ್ನು ಕೃತಕ ಎಳೆಗೆ ಅನ್ವಯಿಸಿದ್ದು ಇಪ್ಪತ್ತನೆಯ ಶತಮಾನದ ರಸಾಯನಶಾಸ್ತ್ರ. ನೈಲಾನ್ 1935ರಲ್ಲಿ ಅಮೆರಿಕದಲ್ಲಿ ಕಾರೊಥರ್ಸ್‌ನ ಕೈಯಲ್ಲಿ ಹುಟ್ಟಿತು. 1954ರಲ್ಲಿ ಇಟಲಿಯ ಜೂಲಿಯೊ ನಟ್ಟ ಪಾಲಿಪ್ರಾಪಿಲೀನನ್ನು ಕ್ರಮಬದ್ಧ ಅಣುಸರಪಳಿಯಾಗಿ ತಯಾರಿಸಿದನು. ಈ ಬಗೆಯ ಸಂಶೋಧನೆಗಾಗಿ ಅವನಿಗೂ ಜರ್ಮನಿಯ ಝೀಗ್ಲರನಿಗೂ 1963ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ಕೃತಕ ಎಳೆಗಳನ್ನು ಕಾಂಕ್ರೀಟಿಗೆ ಬೆರೆಸುವ ಸಲಹೆಯನ್ನು 1965ರಲ್ಲಿ ಗೋಲ್ಡ್‌ಫೈನ್ ಎಂಬಾತ ಅಮೆರಿಕದ ಸೈನ್ಯದ ಎಂಜಿನಿಯರಿಂಗ್ ಶಾಖೆಗಾಗಿ, ಸ್ಫೋಟವನ್ನು ತಾಳುವ ಕಟ್ಟಡಗಳ ಸಂದರ್ಭದಲ್ಲಿ, ಮುಂದಿಟ್ಟನು. ಬಾಂಬಿಗೆಂದು ಯೋಚಿಸಿದ್ದು ಚರಂಡಿಯ ಚಪ್ಪಡಿಗೆ ಒದಗುವುದಾದರೆ ಯಾರಿಗೂ ಆಕ್ಷೇಪವಿರಲಾರದು.

ಈ ಎಳೆಗಳಲ್ಲಿ ಎರಡು ಜಾತಿ. ವ್ಯಾಸ 0.3 ಮಿಲಿಮೀಟರಿಗಿಂತ ಕಡಿಮೆ ಇರುವವು ಸೂಕ್ಷ್ಮ ಎಳೆಗಳು. ಹೆಚ್ಚಿರುವವು ಸ್ಥೂಲ ಎಳೆಗಳು. ಸೂಕ್ಷ್ಮ ಎಳೆಯ ಒಂದು ಲೆಕ್ಕ ವಿದ್ಯಾರ್ಥಿಗಳಿಗೆ ಇಷ್ಟವಾದೀತು. ಒಂದು ಘನಮೀಟರು ಕಾಂಕ್ರೀಟಿಗೆ ಸಾಮಾನ್ಯವಾಗಿ ಹಾಕುವ ಪಾಲಿಪ್ರಾಪಿಲೀನ್ 0.9 ಕಿಲೋಗ್ರಾಂ. ಎಳೆಯ ಉದ್ದ 12 ಮಿಲಿಮೀಟರು, ವ್ಯಾಸ ಮಿಲಿಮೀಟರಿನ ಐವತ್ತನೆಯ ಒಂದು ಭಾಗ, ಸಾಂದ್ರತೆ ನೀರಿನ 0.91ರಷ್ಟು ಎಂದು ತೆಗೆದುಕೊಳ್ಳಿರಿ. ಎಳೆಗಳ ಸಂಖ್ಯೆ ಸುಮಾರು 26 ಕೋಟಿ. ಒಂದು ಘನ ಸೆಂಟಿಮೀಟರಿನಲ್ಲಿ 260. ತುದಿಗೆ ತುದಿ ಜೋಡಿಸಿದರೆ ಉದ್ದ 3100 ಕಿಲೋಮೀಟರಿಗೂ ಹೆಚ್ಚು, ಅಂದರೆ ಹೆಚ್ಚು ಕಡಿಮೆ ಭಾರತದ ಉತ್ತರ ತುದಿಯಿಂದ ದಕ್ಷಿಣ ತುದಿಯವರೆಗೆ. ಒಂದು ಕಿಲೋಗ್ರಾಮಿಗೂ ಕಡಿಮೆ ನೂಲು! ಹಸಿ ಕಾಂಕ್ರೀಟಿನಲ್ಲಿ ಬಿರುಕು ಎತ್ತ ಓಡಲು ಹೊರಟರೂ ಕೆಲವೇ ಮಿಲಿಮೀಟರಿನಲ್ಲಿ ಒಂದು ಎಳೆ ಅಡ್ಡ ಸಿಕ್ಕುತ್ತದೆ.

ಆದರೆ ಇಲ್ಲಿ ಮಾರಾಟಗಾರರು ಹೇಳದೆ ಬಿಡುವ ಮಾತೊಂದಿದೆ. ಪಾಲಿಪ್ರಾಪಿಲೀನಿನ ಸ್ಥಿತಿಸ್ಥಾಪಕತ್ವ ಗುಣಾಂಕ ಗಟ್ಟಿಯಾದ ಕಾಂಕ್ರೀಟಿನದಕ್ಕಿಂತ ಎಷ್ಟೋ ಕಡಿಮೆ. ಗಡುಸಾದ ವಸ್ತುವಿನ ಜೊತೆ ಮೆದುವಾದ ವಸ್ತುವನ್ನು ಸೇರಿಸಿ ಎಳೆದರೆ ಭಾರವೆಲ್ಲ ಗಡುಸಾದುದರ ಮೇಲೆಯೇ ಬೀಳುತ್ತದೆ. ಆದಕಾರಣ ಕಾಂಕ್ರೀಟು ಬಿರಿಯುವವರೆಗೆ ಎಳೆಗಳು ಹೆಚ್ಚುಕಡಿಮೆ ಸುಮ್ಮನೆ ಕುಳಿತಿರುತ್ತವೆ. ಬಿರಿಯುವ ಬಲವನ್ನು ಹೇಳಿಕೊಳ್ಳುವಷ್ಟು ಹೆಚ್ಚಿಸುವುದಿಲ್ಲ. “ನೂಲು ಹಾಕಿದರೆ ಕಾಂಕ್ರೀಟು ಇಮ್ಮಡಿ ಬಲವಾಗುತ್ತದೆ” ಎಂಬ ಜಾಹೀರಾತಿನ ಮಾತನ್ನು ನಂಬಬೇಡಿರಿ. ಅವುಗಳ ಕೆಲಸ ಎರಡು ಘಳಿಗೆಗಳಲ್ಲಿ. ಒಂದು, ಕಾಂಕ್ರೀಟು ಇನ್ನೂ ಹಸಿಯಾಗಿ, ನೂಲಿಗಿಂತ ಮೆದುವಾಗಿರುವಾಗ. ಇದು ಸೂಕ್ಷ್ಮ ಎಳೆಗಳ ಪಾಲು. ಇನ್ನೊಂದು, ಬಿರುಕು ಬಿಟ್ಟ ಮೇಲೆ; ಇದು ಸ್ಥೂಲ ಎಳೆಗಳ ಪಾಲು. ಇವುಗಳ ಉದ್ದ ಸುಮಾರು 50 ಮಿಲಿಮೀಟರು, ಘನಮೀಟರಿಗೆ 3ರಿಂದ 6 ಕಿಲೋಗ್ರಾಂ ಬೇಕು. ಬಿರುಕಿನ ಎರಡು ದಡಗಳಿಗೆ ಹಗ್ಗದ ಸೇತುವೆಯಂತೆ ಅಡ್ಡಲಾಗಿ ನಿಂತು, ಕಿತ್ತು ಬರುವಾಗ ಘರ್ಷಣೆಯಲ್ಲಿ ಶಕ್ತಿಯನ್ನು ಕಳೆಯುತ್ತ, ಇವು ತುಂಡುಗಳನ್ನು ಬೇರೆಯಾಗಗೊಡುವುದಿಲ್ಲ. ನಮ್ಮ ಚಪ್ಪಡಿಯಲ್ಲಿ ಬಿರುಕಿನ ನಂತರ ಮೂಲ ಬಲದ ಮೂರನೆಯ ಒಂದು ಪಾಲು ಉಳಿದರೂ, ಅದು ಮೇಲೆ ನಿಂತ ಮನುಷ್ಯನಿಗೆ ಬೇಕಾದುದರ ಮೂರು ಪಟ್ಟಿಗಿಂತ ಹೆಚ್ಚು. ಚಪ್ಪಡಿ ಬಿರಿದು, ಸ್ವಲ್ಪ ಬಾಗಿ, “ನನ್ನನ್ನು ಬದಲಾಯಿಸಿರಿ” ಎಂದು ಹೇಳುವಂತೆ ನಿಲ್ಲುತ್ತದೆ. ಹಾಗೆಂದು ಬಹುಕಾಲ ಬಿಡಬಾರದು, ಏಕೆಂದರೆ ನಿರಂತರ ಭಾರದಲ್ಲಿ ಪ್ಲಾಸ್ಟಿಕ್ಕಿನ ಎಳೆ ನಿಧಾನವಾಗಿ ಹಿಗ್ಗುತ್ತ ಹೋಗುತ್ತದೆ.

ಇದರಿಂದ, ಎಲ್ಲಿ ನೂಲು ಸಾಕು, ಎಲ್ಲಿ ಸಾಲದು ಎಂಬ ವಿವೇಕ ಹುಟ್ಟಬೇಕು. ಬಾವಿಯ ರಿಂಗನ್ನು ತೆಗೆದುಕೊಳ್ಳಿರಿ. ಹೊರಗಿನ ಮಣ್ಣು ಸುತ್ತಲಿಂದ ಒಳಕ್ಕೆ ಒತ್ತುತ್ತದೆ. ಕಮಾನಿನಂತೆ ರಿಂಗು ಪೂರ್ತಿಯಾಗಿ ಅದುಮಲ್ಪಡುತ್ತದೆ. ಅಲ್ಲಿ ಎಳೆತವೇ ಇಲ್ಲ. ಒಳಗಿನ ತಂತಿಯ ಪ್ರಯೋಜನ ಅದನ್ನು ಉರುಳಿಸುವಾಗ, ಬಾವಿಗೆ ಇಳಿಸುವಾಗ ಮಾತ್ರ. ಅನಂತರ ಅದು ವರ್ಷಗಟ್ಟಲೆ ಬಾವಿಯ ತೇವದಲ್ಲಿ ತುಕ್ಕು ಹಿಡಿಯುತ್ತ ರಿಂಗನ್ನು ಸಿಡಿಸುವುದಷ್ಟೇ ಕೆಲಸ. ಉರುಳಿಸುವ ಆ ಒಂದು ದಿನದ ರಕ್ಷಣೆಗೆ ನೂಲು ಧಾರಾಳ. ಆದರೆ ಅದೇ ರಿಂಗುಗಳನ್ನು ನೆಲದ ಮೇಲೆ ಒಂದರ ಮೇಲೊಂದಿಟ್ಟು ನೀರಿನ ತೊಟ್ಟಿ ಮಾಡಿದರೆ, ನೀರು ಒಳಗಿನಿಂದ ಹೊರಕ್ಕೆ ಒತ್ತುತ್ತದೆ, ರಿಂಗು ಸುತ್ತಲೂ ಎಳೆಯಲ್ಪಡುತ್ತದೆ. ಒಂದೇ ವಸ್ತು, ಒಂದೇ ಆಕಾರ, ಬಲ ಮಾತ್ರ ವಿರುದ್ಧ. ಅಲ್ಲಿ ಉಕ್ಕಿಲ್ಲದೆ ನಡೆಯದು. ಕಿಟಕಿ ಬಾಗಿಲುಗಳ ಮೇಲಿನ ತೊಲೆ, ಮಾಡಿನ ಚಪ್ಪಡಿ, ಇಂಥ ಮನೆಯ ಭಾರ ಹೊರುವ ಯಾವುದರಿಂದಲೂ ನೂಲಿನ ಹೆಸರಿನಲ್ಲಿ ಒಂದು ಸರಳನ್ನೂ ತೆಗೆಯಕೂಡದು. ಬೆಂಕಿ ಬಿದ್ದರೆ ಪಾಲಿಪ್ರಾಪಿಲೀನ್ 160 ಡಿಗ್ರಿಯ ಆಸುಪಾಸಿನಲ್ಲಿಯೇ ಕರಗುತ್ತದೆ. ಬೇಲಿಯ ಕಂಬಕ್ಕೂ ನೂಲೊಂದೇ ಸಾಲದು, ತಂತಿಯ ಎಳೆತಕ್ಕೂ ದನದ ಮೈಯುಜ್ಜುವಿಕೆಗೂ ಅದು ಬುಡದಲ್ಲಿ ಬಾಗುತ್ತದೆ. ನನ್ನನ್ನು ಕೇಳಿದರೆ ಉಪ್ಪುಗಾಳಿಯ ಊರಿನಲ್ಲಿ ಬೇಲಿಗೆ ಶಿಲೆಕಲ್ಲಿನ ಕಂಬಕ್ಕೆ ಸಮನಾದುದು ಇಲ್ಲ.

ತೆಂಗಿನ ನಾಡಿನಲ್ಲಿ ಪ್ಲಾಸ್ಟಿಕ್ಕೇಕೆ, ನಾರು ಇಲ್ಲವೆ ಎಂದು ಕೇಳುವವರಿದ್ದಾರೆ. ನನಗೂ ಮನಸ್ಸು ಆ ಕಡೆಗೇ ಎಳೆಯುತ್ತದೆ. ಉಪ್ಪುನೀರಿನಲ್ಲಿ ಕೊಳೆಹಾಕಿದರೂ ಕೆಡದೆ, ದೋಣಿಯ ಹಲಗೆಗಳನ್ನು ಹೊಲಿದು ಹಿಡಿದ ಹುರಿ ಅದು. ಆದರೆ ಕಡಲ ನೀರು ಬೇರೆ, ಸಿಮೆಂಟಿನ ಕ್ಷಾರ ಬೇರೆ. ನಾರಿನ ಕೋಶಗಳನ್ನು ಬೆಸೆದಿರುವ ಲಿಗ್ನಿನ್ ಮುಂತಾದವು ಆ ಕ್ಷಾರದಲ್ಲಿ ಕ್ರಮೇಣ ಕರಗಿ, ನಾರು ಪೆಳಸಾಗುತ್ತದೆ. ತಾಂತ್ರಿಕ ಸಂಸ್ಕಾರಗಳಿಂದ ಇದನ್ನು ತಡೆಯುವ ಪ್ರಯತ್ನಗಳಿವೆ. ಸಾಮಾನ್ಯ ಅಂಗಳಕ್ಕೆ ಅವು ಎಟುಕುವಂಥವಲ್ಲ. ಬಾಟಲಿಯ ಪ್ಲಾಸ್ಟಿಕ್ಕಾದ ಪಾಲಿಯೆಸ್ಟರಿಗೂ ಇದೇ ದೋಷ, ಕ್ಷಾರ ಅದನ್ನು ಬಿಡಿಸುತ್ತದೆ. ಪಾಲಿಪ್ರಾಪಿಲೀನ್ ಮಾತ್ರ ಕ್ಷಾರಕ್ಕೆ ಜಗ್ಗುವುದಿಲ್ಲ. ನೈಲಾನೂ ಚೆನ್ನಾಗಿ ತಾಳುತ್ತದೆ.

ನೈಲಾನ್ ಎಂದೊಡನೆ ಗಂಗೊಳ್ಳಿಯ ಬಂದರಿನ ನೆನಪಾಗದೆ ಇರದು. ಹರಿದು ಹಳತಾಗಿ ಮೂಲೆಗೆ ಬಿದ್ದ ಬಲೆಯ ರಾಶಿಗಳು ಅಲ್ಲಿವೆ. ಕಡಲಿಗೆ ಸೇರಿದರೆ ಅವು ಮೀನು ಆಮೆಗಳಿಗೆ ಉರುಳು. ಇಟಲಿಯ ಸಂಶೋಧಕರು 2015ರಲ್ಲಿ ಹಳೆಯ ಮೀನುಬಲೆಗಳ ನೈಲಾನ್ ಎಳೆಗಳನ್ನು ಕತ್ತರಿಸಿ ಸಿಮೆಂಟು ಗಾರೆಗೆ ಬೆರೆಸಿ, ಗಾರೆಯ ಚಿಮ್ಮಟತನ, ಎಂದರೆ ಮುರಿಯುವ ಮುನ್ನ ಶಕ್ತಿಯನ್ನು ಹೀರುವ ಗುಣ, ಬಹಳ ಹೆಚ್ಚುವುದೆಂದು ಪ್ರಕಟಿಸಿದರು. ಬಲೆಯಲ್ಲಿ ಉಪ್ಪಿರುತ್ತದಲ್ಲ ಎಂಬ ಶಂಕೆ ಸಹಜ. ತೊಳೆಯಬೇಕಾದುದು ಸರಿ, ಆದರೆ ಉಕ್ಕೇ ಇಲ್ಲದ ಚಪ್ಪಡಿಯಲ್ಲಿ ಉಳಿದ ಸ್ವಲ್ಪ ಉಪ್ಪಿಗೆ ತಿನ್ನಲು ಏನೂ ಸಿಕ್ಕದು. ಬ್ರಹ್ಮಾವರದಿಂದ ಬೈಂದೂರಿನವರೆಗೆ ಬಲೆಯೂ ಇದೆ, ಅಂಗಳವೂ ಇದೆ, ಸುರತ್ಕಲ್ಲು ಮಣಿಪಾಲಗಳಲ್ಲಿ ಎಂಜಿನಿಯರಿಂಗ್ ವಿದ್ಯಾಲಯಗಳೂ ಇವೆ. ಇವು ಮೂರೂ ಪರಸ್ಪರ ಮಾತಾಡಿದ್ದನ್ನು ನಾನು ಕಂಡಿಲ್ಲ.

ಎಳೆ ಬೆರೆಸಿದ ಸಿಮೆಂಟಿನ ಬಗ್ಗೆ ಭಯವೂ ಇರಬೇಕು, ಇರುವುದು ಒಳ್ಳೆಯದು. 1900ರ ಸುಮಾರಿಗೆ ಆಸ್ಟ್ರಿಯದ ಲುಡ್ವಿಗ್ ಹಾಟ್ಶೆಕ್ ಸಿಮೆಂಟಿಗೆ ಕಲ್ನಾರು ಬೆರೆಸಿ ತಗಡು ಮಾಡಿದಾಗ ಅದು ವಿಜ್ಞಾನದ ವರವೆಂದೇ ಎಲ್ಲರೂ ಎಣಿಸಿದ್ದರು. ಆ ಧೂಳು ಶ್ವಾಸಕೋಶದ ಕ್ಯಾನ್ಸರಿಗೆ ಕಾರಣವೆಂಬುದು ಲೋಕಕ್ಕೆ ಮನವರಿಕೆಯಾಗುವ ಹೊತ್ತಿಗೆ ಮನೆಮನೆಯ ಮೇಲೂ ಅದು ಏರಿತ್ತು. ಪಾಲಿಪ್ರಾಪಿಲೀನ್ ಕಲ್ನಾರಲ್ಲ. ಆದರೂ ಅಂಗಳದಲ್ಲಿ ಚೀಲ ಒಡೆದಾಗ ಹಾರುವ ಎಳೆ, ಯಂತ್ರ ತೊಳೆದ ನೀರಿನೊಡನೆ ಹೋಗುವ ಎಳೆ, ಸವೆದ ನೆಲಹಾಸಿನಿಂದ ಬಿಡುವ ಎಳೆ, ಎಲ್ಲವೂ ಕೊನೆಗೆ ಸೇರುವುದು ಪಂಚಗಂಗಾವಳಿಯನ್ನೇ. ಚಕ್ರಗಳು ಸದಾ ಉಜ್ಜುವ ಇಂಟರ್‌ಲಾಕ್ ಇಟ್ಟಿಗೆಗೆ ನೂಲು ಹಾಕುವುದನ್ನು ಈ ಕಾರಣದಿಂದ ನಾನು ಒಪ್ಪುವುದಿಲ್ಲ. ಅಲ್ಲಿ ಅದರ ಅಗತ್ಯವೂ ಇಲ್ಲ. ತೊಳೆದ ನೀರನ್ನು ಗುಂಡಿಯಲ್ಲಿ ನಿಲ್ಲಿಸಿ ಸೋಸುವುದು ಮಾಲಿಕನ ಕರ್ತವ್ಯವೆಂದು ಗ್ರಾಮ ಪಂಚಾಯತಿಗಳು ವಿಧಿಸಬೇಕು.

ನಾನು ಪರಿಚಯದ ಅಂಗಳದ ಮಾಲಿಕರೊಬ್ಬರಲ್ಲಿ ಈ ಮಾತೆತ್ತಿದಾಗ ಅವರು ನಕ್ಕು, “ಸರಳ್ ಕಾಂತಿಲ್ಲೆ ಅಂದ್ರೆ ಯಾರೂ ತಕಂತಿಲ್ಲೆ ಮಾಷ್ಟ್ರೇ” ಎಂದರು. ಅವರ ಮಾತು ಸತ್ಯ. ಚಪ್ಪಡಿಯ ಅಂಚಿನಲ್ಲಿ ಸರಳಿನ ತುದಿ ಕಾಣುವಂತೆ ಬಿಡುವುದು ಗಿರಾಕಿಗೆ ನಂಬಿಕೆ ಬರಲೆಂದು. ಉಪ್ಪು ಒಳಹೋಗುವ ಹೆಬ್ಬಾಗಿಲು ಅದೇ ತುದಿ. ತಪ್ಪು ಅವರದಲ್ಲ, ಕೊಳ್ಳುವ ನಮ್ಮದು, ಅದರಲ್ಲೂ ಸಾವಿರಗಟ್ಟಲೆ ಚಪ್ಪಡಿ ಕೊಳ್ಳುವ ಸ್ಥಳೀಯ ಸಂಸ್ಥೆಗಳದು. ಟೆಂಡರಿನಲ್ಲಿ “ಇಷ್ಟು ಮಿಲಿಮೀಟರಿನ ಇಷ್ಟು ಸರಳು” ಎಂದು ಬರೆಯುವುದನ್ನು ಬಿಟ್ಟು, “ಇಷ್ಟು ಭಾರ ತಾಳತಕ್ಕದ್ದು; ಬಿರುಕು ಬಿಟ್ಟ ಮೇಲೂ ಇಷ್ಟು ಭಾರವನ್ನು ಕೆಳಗೆ ಬೀಳಗೊಡದೆ ಹಿಡಿಯತಕ್ಕದ್ದು” ಎಂದು ಬರೆಯಬೇಕು. ಅಚ್ಚಿನ ಮ್ಯಾನ್‌ಹೋಲ್ ಮುಚ್ಚಳಗಳಿಗೆ ಭಾರತೀಯ ಮಾನಕ 12592 ಈಗಾಗಲೆ ಹಾಗೆಯೇ, 2.5 ಟನ್ನಿನಿಂದ 35 ಟನ್ನಿನವರೆಗೆ, ಭಾರದ ಮೇಲೆ ದರ್ಜೆ ಮಾಡಿದೆ. ನೂರು ಚಪ್ಪಡಿಗೆ ಎರಡನ್ನು ಎಲ್ಲರೆದುರು ಮುರಿದು ನೋಡಿದರೆ ಸಾಕು. ಎರಡು ಚಪ್ಪಡಿಯ ಬೆಲೆ ಎಂಟು ಹೊಲಿಗೆಯ ಬೆಲೆಗಿಂತ ಕಡಿಮೆ.

ಗಾಯ ಮಾಗಿ ಮರಳಿದ ಆ ವಿದ್ಯಾರ್ಥಿಯೂ ಅವನ ಗೆಳೆಯರೂ ಸೇರಿ ನಮ್ಮ ಪ್ರಯೋಗಶಾಲೆಯಲ್ಲಿ ಗಾರೆಯ ಪಟ್ಟಿಗಳನ್ನು ಎರೆದರು: ಕೆಲವು ಬರಿಯವು, ಕೆಲವು ತಂತಿ ಇಟ್ಟವು, ಕೆಲವು ತೊಳೆದ ಬಲೆಯ ಎಳೆ ಕಲಸಿದವು. ಇಪ್ಪತ್ತೆಂಟು ದಿನ ನೀರುಣಿಸಿ, ಎರಡು ಮೇಜುಗಳ ನಡುವೆ ಇಟ್ಟು, ನಡುವೆ ಬಕೆಟು ತೂಗಹಾಕಿ ಹೊಯಿಗೆ ಸುರಿದೆವು. ಬರಿಯದೂ ಎಳೆಯದೂ ಹೆಚ್ಚುಕಡಿಮೆ ಒಂದೇ ಭಾರಕ್ಕೆ ಬಿರಿದವು. ಬರಿಯದರ ಬಕೆಟು ಫಟ್ಟನೆ ನೆಲಕ್ಕೆ ಬಿತ್ತು. ಎಳೆಯದು ಬಾಗಿ, ಬಿರುಕಿನಲ್ಲಿ ನೀಲಿ ನೂಲುಗಳನ್ನು ತೋರಿಸುತ್ತ ಹಾಗೆಯೇ ತೂಗಿತು. ಹುಡುಗರು ಚಪ್ಪಾಳೆ ತಟ್ಟಿದರು. ಇದೇ ಬಗೆಯ ಇನ್ನೊಂದು ಕಂತನ್ನು ಕೋಡಿಯ ಕಡಲಬದಿಯ ಮನೆಯೊಂದರ ಅಂಗಳದಲ್ಲಿ ತೆರೆದ ಗಾಳಿಗೆ ಇಟ್ಟಿದ್ದೇವೆ. ವರ್ಷಕ್ಕೆ ಮೂರು ಪಟ್ಟಿಗಳಂತೆ ತಂದು ಮುರಿಯುವ ಉದ್ದೇಶ. ತಂತಿಯಿಟ್ಟವುಗಳ ತುದಿಯಲ್ಲಿ ಮೊದಲ ಮಳೆಗಾಲಕ್ಕೇ ಕಂದು ಕಲೆ ಇಳಿದಿದೆ.

ಚರಂಡಿಯ ಮೇಲೆ ಹೊಸ ಚಪ್ಪಡಿ ಬಂದಿದೆ. ಬಗ್ಗಿ ಅದರ ಅಂಚನ್ನು ನೋಡಿದೆನು. ಹಳೆಯದರಲ್ಲಿ ಎರಡು ಸರಳಿದ್ದವು, ಇದರಲ್ಲಿ ಮೂರಿವೆ.